ಮೊದಲ ಆಟ ಯಾವುದು ನೋಡಬೇಕು? ಟಿಕೆಟ್ಟಿಗೆ ಎಷ್ಟು ಕೊಡಬೇಕು?

ಹೊರನಾಡಿನ ಮಕ್ಕಳಿಗೆ ಯಕ್ಷಗಾನ ತೋರಿಸುವ ಮುನ್ನ ಹೆತ್ತವರೂ ಸಂಘದವರೂ ಯೋಚಿಸಬೇಕಾದ ಕೆಲವು ಸಂಗತಿಗಳು

ನಾರಾಯಣಗೂಡ: ಇಲ್ಲಿನ ಮೇಲ್ಕೋಟೆ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮಾಡುವವರಲ್ಲಿ ಕನ್ನಡಿಗರೂ ಇದ್ದಾರೆ. ಆದರೆ ಪಾರ್ಕಿಗೆ ಆ ಹೆಸರು ಹೇಗೆ ಬಂತೆಂಬುದು ಅವರ ಮಕ್ಕಳಲ್ಲಿ ಹೆಚ್ಚಿನವರಿಗೆ ತಿಳಿಯದು. ಸ್ವಾತಂತ್ರ್ಯ ಹೋರಾಟಗಾರರೂ ವೈದ್ಯರೂ ಆಗಿದ್ದ ಡಾ. ಜಿ.ಎಸ್. ಮೇಲ್ಕೋಟೆ ಅವರು ಬೂರ್ಗುಲ ರಾಮಕೃಷ್ಣ ರಾವ್ ಅವರ ಸಂಪುಟದಲ್ಲಿ ಸಚಿವರಾಗಿದ್ದವರು. ಮೊದಲು ರಾಯಚೂರಿನಿಂದ, ಬಳಿಕ ಹೈದರಾಬಾದಿನಿಂದ ಲೋಕಸಭೆಗೆ ಆಯ್ಕೆಯಾದವರು. ಹೆಸರು ಉಳಿದಿದೆ, ಹೆಸರಿನ ಹಿಂದಿನ ನಂಟು ಸಡಿಲವಾಗಿದೆ. ನಮ್ಮ ಕಲೆಗಳ ವಿಷಯದಲ್ಲೂ ಹೆಚ್ಚುಕಡಿಮೆ ಇದೇ ಕಥೆ.

ಮಗ ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಓದುತ್ತಾನೆ. ಕನ್ನಡ ಇರುವುದು ಮನೆಯ ಅಡುಗೆಕೋಣೆಯಲ್ಲಿ, ಅಜ್ಜಿಯ ಫೋನಿನಲ್ಲಿ. ಅಂಥವನನ್ನು ಒಂದು ಸಂಜೆ ಯಕ್ಷಗಾನಕ್ಕೆ ಕರೆದೊಯ್ದರೆ ಏನಾಗುತ್ತದೆ? ಅರ್ಧ ಗಂಟೆಯಲ್ಲಿ ಅವನು ಮನೆಗೆ ಹೋಗೋಣ ಎನ್ನಬಹುದು. ಹಾಗೆಂದವನನ್ನು ಎರಡನೆಯ ಸಲ ಕರೆತರುವುದು ಬಲು ಕಷ್ಟ. ಹೀಗಾಗಿ ಮೊದಲ ಆಟದ ಆಯ್ಕೆ ಸಣ್ಣ ವಿಷಯವಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಅಪೆರಾ ನೋಡಲು ಹೊರಡುವ ಹೊಸಬರೂ ಇದೇ ಎರಡು ಪ್ರಶ್ನೆ ಕೇಳುತ್ತಾರೆ: ಮೊದಲು ಯಾವುದು ನೋಡಲಿ, ಕಡಿಮೆ ಬೆಲೆಯ ಟಿಕೆಟ್ ಎಲ್ಲಿ ಸಿಗುತ್ತದೆ? ಹಾಡಿನಲ್ಲೇ ಕಥೆ ನಡೆಸುವ, ವೇಷ, ಕುಣಿತ, ವಾದ್ಯ ಎಲ್ಲವೂ ಸೇರಿದ ನಮ್ಮ ಅಪೆರಾ ಎಂದರೆ ಯಕ್ಷಗಾನವೇ. ಆದ್ದರಿಂದ ಅವರು ಕಂಡುಕೊಂಡ ಉತ್ತರಗಳಲ್ಲಿ ಕೆಲವು ನಮಗೂ ಒದಗುತ್ತವೆ.

ಹೊಸಬರು ಮಕ್ಕಳು ಮಾತ್ರವಲ್ಲ

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಹೈದರಾಬಾದಿನ ಕನ್ನಡಿಗರೆಲ್ಲ ಒಂದೇ ಸೀಮೆಯವರಲ್ಲ. ಬೀದರ, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಕಡೆಯ ಮನೆತನಗಳಿಗೆ ಈ ಊರು ಹೊರನಾಡೇ ಅಲ್ಲ. ಅವರಿಗೆ ಬಯಲಾಟವೆಂದರೆ ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ. ಹೋಟೆಲ್ ಉದ್ಯಮಕ್ಕೆಂದೋ ಬ್ಯಾಂಕಿನ ಕೆಲಸಕ್ಕೆಂದೋ ಕರಾವಳಿಯಿಂದ ಬಂದವರಿಗೆ ಮಾತ್ರ ‘ಆಟ’ ಎಂದೊಡನೆ ಚೆಂಡೆ ಕಿವಿಯಲ್ಲಿ ಮೊಳಗುತ್ತದೆ.

ಆದ್ದರಿಂದ ಸಂಘದ ಸಭಾಂಗಣದಲ್ಲಿ ಕುಳಿತ ನಡುವಯಸ್ಸಿನ ಸದಸ್ಯರಲ್ಲೂ ಯಕ್ಷಗಾನವನ್ನು ಮೊದಲ ಸಲ ನೋಡುವವರು ಇರುತ್ತಾರೆ. ಅವರಿಗೂ ಅರ್ಥವಾಗದೆ ಹೋಗಬಹುದು. ಹಿರಿಯರೆಂಬ ಸಂಕೋಚದಿಂದ ಅವರು ಕೇಳುವುದಿಲ್ಲ, ಅಷ್ಟೆ. ಮಕ್ಕಳಿಗೆಂದು ಮಾಡುವ ಸಿದ್ಧತೆ ಇವರಿಗೂ ಉಪಯೋಗಕ್ಕೆ ಬರುತ್ತದೆ.

ಕಥೆ ಗೊತ್ತಿರಲಿ

ಅಪೆರಾ ಬಲ್ಲವರು ಹೊಸಬರಿಗೆ ಸಾಮಾನ್ಯವಾಗಿ ಸೂಚಿಸುವುದು ಪುಚ್ಚೀನಿಯ ‘ಲಾ ಬೊಹೆಮ್’, ಬಿಜೆಯ ‘ಕಾರ್ಮೆನ್’, ಮೊಟ್ಸಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’. ನೇರವಾದ ಕಥೆ, ನೆನಪಿನಲ್ಲಿ ಉಳಿಯುವ ಹಾಡು. ವಾಗ್ನರ್‌ನ ‘ರಿಂಗ್’ ಅನ್ನು ಮೊದಲಿಗೆ ಯಾರೂ ಹೇಳುವುದಿಲ್ಲ. ಅದು ನಾಲ್ಕು ರಾತ್ರಿಗಳಲ್ಲಿ ಸುಮಾರು 15 ಗಂಟೆ ನಡೆಯುವಂಥದ್ದು.

ನಮ್ಮಲ್ಲೂ ಹೀಗೆಯೇ. ‘ಕೃಷ್ಣ ಸಂಧಾನ’ ಘನವಾದ ಪ್ರಸಂಗ. ಆದರೆ ಅಲ್ಲಿ ಮಾತೇ ಪ್ರಧಾನ. ಯಕ್ಷಗಾನದ ಅರ್ಥಗಾರಿಕೆ ಬರೆದಿಟ್ಟುಕೊಂಡು ಕಲಿತದ್ದಲ್ಲ, ಕಲಾವಿದರು ರಂಗದ ಮೇಲೆಯೇ ಹುಟ್ಟಿಸುವ ಮಾತು. ಕನ್ನಡ ಚೆನ್ನಾಗಿ ಬಲ್ಲವರಿಗೆ ಅದು ಹಬ್ಬದೂಟ. ಕನ್ನಡ ಅರೆಬರೆಯಾದ ಮಗುವಿಗೆ ಅದೇ ಶಿಕ್ಷೆ. ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಯನ್ನಂತೂ ಐದಾರು ಆಟ ನೋಡಿದ ಮೇಲಷ್ಟೇ ತೋರಿಸುವುದು ಒಳ್ಳೆಯದು.

ಹಾಗಿದ್ದರೆ ಮೊದಲಿಗೆ ಯಾವುದು? ಇಲ್ಲಿ ಹೈದರಾಬಾದಿನಲ್ಲಿ ಬೆಳೆದ ಮಕ್ಕಳಿಗೆ ಒಂದು ಅನುಕೂಲವಿದೆ. ಮಂಗಳೂರಿನಿಂದ ದೂರವಿದ್ದರೂ ಅವರು ಪುರಾಣದಿಂದ ದೂರವಿಲ್ಲ. ಟಿವಿಯಲ್ಲಿ ಮತ್ತೆ ಮತ್ತೆ ಬರುವ ಹಳೆಯ ತೆಲುಗು ಚಿತ್ರಗಳು ಮಹಾಭಾರತ, ರಾಮಾಯಣಗಳನ್ನು ಅವರ ಕಣ್ಣಿಗೆ ಕಟ್ಟಿವೆ. ಆ ಚಿತ್ರಗಳನ್ನೇ ಮೆಟ್ಟಿಲು ಮಾಡಿಕೊಳ್ಳಬಹುದು.

1963ರ ‘ನರ್ತನಶಾಲ’ ನೋಡಿದ ಮಗುವಿಗೆ ‘ಕೀಚಕ ವಧೆ’ ಹೊಸದಲ್ಲ. ಎನ್‌ಟಿಆರ್ ಬೃಹನ್ನಳೆ, ಎಸ್.ವಿ. ರಂಗಾರಾವ್ ಕೀಚಕ ಆಗಿದ್ದ ಚಿತ್ರವದು. ಅದೇ ವರ್ಷ ಬಂದ ‘ಶ್ರೀ ಕೃಷ್ಣಾರ್ಜುನ ಯುದ್ಧಮು’ ನೋಡಿದವರಿಗೆ ‘ಕೃಷ್ಣಾರ್ಜುನ ಕಾಳಗ’ ಸುಲಭ. ಗಯನೆಂಬ ಗಂಧರ್ವನನ್ನು ಕೊಲ್ಲುವೆನೆಂದು ಕೃಷ್ಣನ ಪ್ರತಿಜ್ಞೆ, ಕಾಪಾಡುವೆನೆಂದು ಅರ್ಜುನನ ಮಾತು. ಇಬ್ಬರು ಗೆಳೆಯರ ನಡುವೆ ಯುದ್ಧ ಹುಟ್ಟಿತೆಂದರೆ ಯಾವ ಮಗು ತಾನೇ ಕಿವಿ ನಿಮಿರಿಸುವುದಿಲ್ಲ? ‘ಲವಕುಶ’ ಕೂಡ 1963ರದೇ. ಆ ಕಥೆಯ ಪ್ರಸಂಗದಲ್ಲಿ ಬಾಲಕರೇ ನಾಯಕರು. ಇನ್ನು ‘ಬಭ್ರುವಾಹನ ಕಾಳಗ’ಕ್ಕೆ ನಮ್ಮದೇ ಚಿತ್ರವಿದೆ. 1977ರ ‘ಬಭ್ರುವಾಹನ’ದಲ್ಲಿ ಡಾ. ರಾಜಕುಮಾರ್ ಅರ್ಜುನನೂ ಅವರೇ, ಬಭ್ರುವಾಹನನೂ ಅವರೇ. ವಾರ ಮೊದಲು ಮನೆಯಲ್ಲಿ ಆ ಚಿತ್ರ ಹಾಕಿ ತೋರಿಸಿದರೆ ಅರ್ಧ ಕೆಲಸ ಮುಗಿಯಿತು.

ಹಿರಿಯ ಹೊಸಬರಿಗೂ ಇಂಥದೇ ಸೇತುವೆಯುಂಟು. ಹೈದರಾಬಾದಿನಲ್ಲಿ ಹಾರ್ಮೋನಿಯಂ ಜತೆ ಹಾಡುವ ತೆಲುಗು ಪದ್ಯನಾಟಕಗಳ ಅಭಿಮಾನಿಗಳು ಇಂದಿಗೂ ಇದ್ದಾರೆ. ತಿರುಪತಿ ವೆಂಕಟ ಕವಿಗಳ ‘ಪಾಂಡವೋದ್ಯೋಗ ವಿಜಯಾಲು’ ಕೇಳಿ ತಲೆದೂಗುವವರು ‘ಕೃಷ್ಣ ಸಂಧಾನ’ಕ್ಕೂ ಬೇಗ ಒಲಿಯುತ್ತಾರೆ. ರಾಯಭಾರದ ಸನ್ನಿವೇಶ ಎರಡೂ ಕಡೆ ಒಂದೇ.

ಎರಡೂವರೆ ಗಂಟೆ ಸಾಕು

ಊರಿನಲ್ಲಿ ಬೆಳಗಿನವರೆಗೆ ಆಟ ನೋಡಿದವರಿಗೆ ಚುಟುಕು ಪ್ರದರ್ಶನ ಎಂದರೆ ಕೊಂಚ ಅಸಮಾಧಾನ. ಆದರೆ ಮೊದಲ ಸಲಕ್ಕೆ ಕಾಲಮಿತಿಯ ಆಟವೇ ಸರಿ. ಇದು ಕಲೆಗೆ ಕೈಕೊಟ್ಟಂತೇನೂ ಅಲ್ಲ. ಹೊನ್ನಾವರ ತಾಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಅಚ್ಚುಕಟ್ಟಾದ ಕಾಲಮಿತಿ ಪ್ರದರ್ಶನಗಳಿಂದಲೇ ದೇಶ ವಿದೇಶಗಳಲ್ಲಿ ಹೆಸರಾಯಿತು. ಡಾ. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯ ರೂಪಕ್ಕೆ ತಂದು ಕನ್ನಡ ಬಾರದವರ ಮುಂದೆಯೂ ಗೆದ್ದವರು.

ತೆಂಕೋ ಬಡಗೋ ಎಂಬ ತರ್ಕ ಮೊದಲ ದಿನ ಬೇಡ. ಆದರೂ ಒಂದು ಸೂಚನೆ ಕೊಡಬಹುದು. ಸಣ್ಣ ಮಕ್ಕಳಿಗೆ ತೆಂಕುತಿಟ್ಟಿನ ಬಣ್ಣದ ವೇಷ ಮರೆಯಲಾಗದ ನೋಟ. ಅಕ್ಕಿಹಿಟ್ಟಿನ ಚುಟ್ಟಿಯಿಟ್ಟು ಗಂಟೆಗಟ್ಟಲೆ ಕುಳಿತು ಬರೆದುಕೊಳ್ಳುವ ಮುಖ ಅದು. ಐದು ವರ್ಷದೊಳಗಿನವರು ಹೆದರಿ ಅಳುವುದೂ ಉಂಟು. ಅಂಥವರನ್ನು ಮೊದಲೇ ಅನುಮತಿ ಕೇಳಿ ಚೌಕಿಗೆ ಕರೆದೊಯ್ದು, ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರನ್ನು ತೋರಿಸಿದರೆ ಹೆದರಿಕೆ ಹೋಗುತ್ತದೆ. ರಕ್ಕಸನ ಒಳಗೆ ಚಹಾ ಕುಡಿಯುವ ಮಾಮ ಒಬ್ಬನಿದ್ದಾನೆಂದು ಮಗುವಿಗೆ ತಿಳಿಯುತ್ತದೆ.

ಜಾಹೀರಾತು ಸರಿಯಾಗಿ ಓದಿ

ಹೈದರಾಬಾದಿನಲ್ಲಿ ‘ಯಕ್ಷಗಾನಂ’ ಎಂದು ತೆಲುಗಿನಲ್ಲಿ ಬರೆದಿದ್ದರೆ ಅದು ನಮ್ಮ ಯಕ್ಷಗಾನವೇ ಆಗಿರಬೇಕೆಂದಿಲ್ಲ. ಕೂಚಿಪೂಡಿಯ ಭಾಗವತರಿಗೂ ಯಕ್ಷಗಾನವಿದೆ. ತೆಲಂಗಾಣದ ಹಳ್ಳಿಗಳಲ್ಲಿ ಚಿಂದು ಯಕ್ಷಗಾನವಿದೆ. ಆ ಕಲೆಯ ಗಡ್ಡಂ ಸಮ್ಮಯ್ಯ ಅವರಿಗೆ 2024ರಲ್ಲಿ ಪದ್ಮಶ್ರೀ ದೊರೆಯಿತು. ಇವೂ ನೋಡತಕ್ಕವೇ. ಆದರೆ ಚೆಂಡೆಯ ಆಟ ಎಂದುಕೊಂಡು ಹೋಗಿ ಪೆಚ್ಚಾಗಬಾರದಷ್ಟೆ.

ಇನ್ನೊಂದು ಹೆಸರನ್ನು ಇಲ್ಲಿ ಹೇಳಲೇಬೇಕು, ಸುರಭಿ. 1885ರಲ್ಲಿ ಕಡಪ ಜಿಲ್ಲೆಯ ಸುರಭಿ ಗ್ರಾಮದಲ್ಲಿ ‘ಕೀಚಕ ವಧೆ’ಯೊಂದಿಗೆ ಆರಂಭವಾದ ಈ ಕುಟುಂಬ ರಂಗಭೂಮಿ ನಮ್ಮ ಗುಬ್ಬಿ ಕಂಪನಿಯ ಸಮವಯಸ್ಕ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಮರಾಠಿ ಮೂಲದ ಕುಟುಂಬಗಳು ತೆಲುಗು ನಾಡಿಗೆ ಬಂದು ತೆಲುಗಿನಲ್ಲೇ ನಾಟಕ ಕಟ್ಟಿದವು. ಸುರಭಿಯ ಶ್ರೀ ವೆಂಕಟೇಶ್ವರ ನಾಟ್ಯ ಮಂಡಳಿಯನ್ನು ನಡೆಸಿದ ನಾಗೇಶ್ವರ ರಾವ್ ಅವರಿಗೆ 2013ರಲ್ಲಿ ಪದ್ಮಶ್ರೀ ಬಂತು. ಎಲ್ಲರ ಬಾಯಲ್ಲಿ ಬಾಬ್ಜಿ ಆಗಿದ್ದ ಅವರು 2022ರಲ್ಲಿ ತೀರಿಕೊಂಡರು. ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸಿನ ಲಲಿತ ಕಲಾ ತೋರಣದಲ್ಲಿ ಸುರಭಿಯ ‘ಮಾಯಾಬಜಾರ್’ ನೋಡಿ ಬೆಳೆದವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಘಟೋತ್ಕಚನ ಬಾಯಿಗೆ ಭಕ್ಷ್ಯಗಳು ತಾವಾಗಿಯೇ ಹಾರಿ ಬರುವ ದೃಶ್ಯಕ್ಕೆ ಮಕ್ಕಳು ಕುಳಿತಲ್ಲಿಂದ ಏಳುತ್ತಾರೆ.

ಕನ್ನಡಿಗರಿಗೆ ಸುರಭಿ ಹೊರಗಿನದಲ್ಲ. 1990ರ ದಶಕದಲ್ಲಿ ಬಿ.ವಿ. ಕಾರಂತರು ಇಲ್ಲಿಗೆ ಬಂದು ಸುರಭಿ ಕಲಾವಿದರಿಗೆ ಶಿಬಿರ ನಡೆಸಿ ‘ಭೀಷ್ಮ’, ‘ಚಂಡಿಪ್ರಿಯ’, ‘ಬಸ್ತಿ ದೇವತ ಯಾದಮ್ಮ’ ನಾಟಕಗಳನ್ನು ಮಾಡಿಸಿದರು. ಕೊನೆಯದು ಬ್ರೆಕ್ಟ್‌ನ ನಾಟಕದ ತೆಲುಗು ರೂಪ. ಬಂಟ್ವಾಳ ತಾಲೂಕಿನ ಮಂಚಿಯ ಹುಡುಗ ಗುಬ್ಬಿ ಕಂಪನಿ ಸೇರಿ ರಂಗ ಕಲಿತದ್ದು, ಅದೇ ಕಂಪನಿ ನಾಟಕದ ನೆನಪನ್ನು ಹೊತ್ತು ಹೈದರಾಬಾದಿನ ಸುರಭಿಗೆ ಬಂದದ್ದು ಹೆಮ್ಮೆಯ ಸಂಗತಿ. ಕನ್ನಡಕ್ಕಿಂತ ತೆಲುಗು ಸಲೀಸಾಗಿ ಬರುವ ಮಗುವಿಗೆ ಮೊದಲು ಸುರಭಿಯ ನಾಟಕ, ಆಮೇಲೆ ಯಕ್ಷಗಾನ ಎಂಬ ಕ್ರಮ ಇಟ್ಟುಕೊಂಡರೂ ತಪ್ಪಿಲ್ಲ. ಪ್ರದರ್ಶನದ ದಿನ, ಸ್ಥಳಗಳನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಮುಖ್ಯ.

ಅಗ್ಗದ ಸೀಟು ಕೆಟ್ಟ ಸೀಟಲ್ಲ

ಈಗ ಹಣದ ಮಾತು. ಯುರೋಪಿನ ಅಪೆರಾ ಮಂದಿರಗಳಲ್ಲಿ ಎಲ್ಲಕ್ಕಿಂತ ಮೇಲಿನ ಗ್ಯಾಲರಿಯ ಸೀಟು ಅಗ್ಗ. ಆದರೆ ಅಲ್ಲಿ ಧ್ವನಿ ಚೆನ್ನಾಗಿ ಕೇಳುತ್ತದೆಂದು ರಸಿಕರು ಹುಡುಕಿಕೊಂಡು ಹೋಗುತ್ತಾರೆ. ವಿಯೆನ್ನಾದ ಸರಕಾರಿ ಅಪೆರಾದಲ್ಲಿ ನಿಂತು ನೋಡುವವರಿಗೆಂದೇ ಕಡಿಮೆ ದರದ ಜಾಗವಿದೆ. ವಿದ್ಯಾರ್ಥಿಗಳು ಅಲ್ಲಿ ನಿಂತೇ ಅಪೆರಾ ಕಲಿಯುತ್ತಾರೆ. ನಮ್ಮ ದೇಶದಲ್ಲಿ ಮುಂಬೈಯ ರಾಯಲ್ ಅಪೆರಾ ಹೌಸ್ 1993ರಲ್ಲಿ ಮುಚ್ಚಿದ್ದು 2016ರಲ್ಲಿ ಮತ್ತೆ ತೆರೆದಿದೆ. ಆದರೆ ಅಲ್ಲಿಗೆ ಹೋಗಿಬರುವ ಖರ್ಚಿನಲ್ಲಿ ನಾವು ಊರಿಗೇ ಹೋಗಿಬರಬಹುದು.

ಯಕ್ಷಗಾನಕ್ಕೂ ಈ ಮಾತು ಅನ್ವಯಿಸುತ್ತದೆ. ಸಭಾಂಗಣದ ಮೊದಲ ಸಾಲು ಗಣ್ಯರಿಗೆ ಭೂಷಣ, ಮಗುವಿನ ಕಿವಿಗಲ್ಲ. ಸ್ಪೀಕರಿನ ಪಕ್ಕದಲ್ಲಿ ಕುಳಿತು ಚೆಂಡೆ ಕೇಳಿದರೆ ಹಿರಿಯರಿಗೂ ತಲೆನೋವು. ನಡುವಿನ ಅಥವಾ ಹಿಂದಿನ ಸಾಲಿನಿಂದ ಇಡೀ ರಂಗ ಕಾಣುತ್ತದೆ, ಒಡ್ಡೋಲಗದ ಕುಣಿತ ಪೂರ್ತಿ ಸಿಗುತ್ತದೆ, ಭಾಗವತರ ಪದ್ಯ ಸ್ಪಷ್ಟವಾಗಿ ಕೇಳುತ್ತದೆ. ಮಗು ಹಠ ಹಿಡಿದರೆ ಎದ್ದು ಹೊರಗೆ ಹೋಗಲೂ ಅನುಕೂಲ. ಹೆಚ್ಚು ಹಣ ಕೊಟ್ಟು ಮುಂದೆ ಕೂರುವ ಅಗತ್ಯವಿಲ್ಲ.

ನಾರಾಯಣಗೂಡದವರಿಗೆ ಹೋಗಿಬರುವ ಖರ್ಚೂ ದೊಡ್ಡದಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಹತ್ತಿರವೇ ಇದೆ. ಚಿಕ್ಕಡಪಲ್ಲಿಯ ತ್ಯಾಗರಾಯ ಗಾನ ಸಭಾ ಮೆಟ್ರೋದಲ್ಲಿ ಒಂದೇ ನಿಲ್ದಾಣ. 2020ರ ಫೆಬ್ರವರಿಯಲ್ಲಿ ಈ ಮಾರ್ಗ ಆರಂಭವಾದ ಮೇಲೆ ರವೀಂದ್ರ ಭಾರತಿಯೂ ಸಲೀಸಾಗಿದೆ. ನಾರಾಯಣಗೂಡದಲ್ಲಿ ಹತ್ತಿ ಎಂಜಿಬಿಎಸ್‌ನಲ್ಲಿ ರೈಲು ಬದಲಿಸಿ ಅಸೆಂಬ್ಲಿ ನಿಲ್ದಾಣದಲ್ಲಿ ಇಳಿದರಾಯಿತು. ರಾತ್ರಿಯ ಕೊನೆಯ ರೈಲಿನ ವೇಳೆ ನೋಡಿಕೊಂಡು ಹೊರಡಬೇಕು. ಆಟೋದವರೊಂದಿಗೆ ಚೌಕಾಸಿ ಮಾಡುವ ಕೊನೆಯ ದೃಶ್ಯವೇ ಮಗುವಿನ ನೆನಪಿನಲ್ಲಿ ಉಳಿಯಬಾರದು.

ಪುಕ್ಕಟೆ ಪಾಸು ಮತ್ತು ಖಾಲಿ ಕುರ್ಚಿ

ಸಂಘಗಳ ಕಾರ್ಯಕ್ರಮ ಬಹುತೇಕ ಉಚಿತ. ಅದು ಒಳ್ಳೆಯ ಸಂಪ್ರದಾಯವೇ. ಕರಾವಳಿಯಲ್ಲೂ ಹರಕೆಯ ಆಟಕ್ಕೆ ಟಿಕೆಟ್ ಇಲ್ಲ. ಹರಕೆ ಹೊತ್ತವರು ಖರ್ಚು ಭರಿಸುತ್ತಾರೆ, ಊರೆಲ್ಲ ನೋಡುತ್ತದೆ. ಕಟೀಲು, ಮಂದಾರ್ತಿ ಮೇಳಗಳ ಆಟಕ್ಕೆ ಹೆಸರು ಕೊಟ್ಟು ವರ್ಷಗಟ್ಟಲೆ ಕಾಯುವವರಿದ್ದಾರೆ. ಅದೇ ಕರಾವಳಿಯಲ್ಲಿ ಸಾಲಿಗ್ರಾಮ, ಪೆರ್ಡೂರಿನಂಥ ಮೇಳಗಳು ಡೇರೆ ಹಾಕಿ ಟಿಕೆಟ್ ಮಾರಿ ಬೆಳೆದವು. ಅಂದರೆ ಎರಡು ದಾರಿಯೂ ನಮ್ಮವೇ.

ಆದರೆ ಹೊರನಾಡಿನಲ್ಲಿ ಉಚಿತ ಪಾಸಿಗೆ ಒಂದು ತೊಡಕಿದೆ. ಪಾಸು ಪಡೆದವರೆಲ್ಲ ಬರುವುದಿಲ್ಲ. ಮಳೆ ಬಂದರೆ ಇಲ್ಲ, ಕ್ರಿಕೆಟ್ ಇದ್ದರೆ ಇಲ್ಲ. ಬಂದವರಲ್ಲೂ ಕೆಲವರು ಊಟದ ಹೊತ್ತಿಗೆ ಏಳುತ್ತಾರೆ. ಹದಿನೈದು ಇಪ್ಪತ್ತು ಮಂದಿಯ ತಂಡ ವೇಷದ ಪೆಟ್ಟಿಗೆ, ಚೆಂಡೆ, ಮದ್ದಳೆಗಳನ್ನು ಹೊತ್ತುಕೊಂಡು ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಅರ್ಧ ಖಾಲಿ ಕುರ್ಚಿಗಳ ಮುಂದೆ ಕುಣಿಯುವುದು ಯಾರಿಗೂ ಶೋಭೆಯಲ್ಲ. ಮರುವರ್ಷದ ಸಭೆಯಲ್ಲಿ ಯಕ್ಷಗಾನಕ್ಕೆ ಜನ ಬರುವುದಿಲ್ಲ ಎಂದು ಒಬ್ಬರು ಎದ್ದು ಹೇಳಿದರೆ ಅಲ್ಲಿಗೆ ಮುಗಿಯಿತು.

ಹಾಗಾಗಿ ಸಣ್ಣದೊಂದು ಟಿಕೆಟ್ ಇಡುವುದು ಒಳಿತು. ಲೆಕ್ಕ ಹೀಗೆ ಹಾಕಿ ನೋಡಬಹುದು. ಉದಾಹರಣೆಗೆ ಒಟ್ಟು ಖರ್ಚು 1 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. 200 ಮಂದಿ ತಲಾ 150 ರೂ. ಕೊಟ್ಟರೆ 30 ಸಾವಿರ. ವಿದ್ಯಾರ್ಥಿಗಳು, ಹಿರಿಯ ನಾಗರಿಕರು ಸೇರಿ 150 ಮಂದಿ ತಲಾ 50 ರೂ. ಕೊಟ್ಟರೆ ಏಳೂವರೆ ಸಾವಿರ. ಒಟ್ಟು 37,500. ಉಳಿದ 62,500ಕ್ಕೆ ದಾನಿಗಳು ಬೇಕು. ದಾನಿಗಳಿಲ್ಲದೆ ಆಗದು, ನಿಜ. ಆದರೆ ಐವತ್ತು ರೂಪಾಯಿ ಕೊಟ್ಟವರು ಬರುತ್ತಾರೆ, ಕೊನೆಯವರೆಗೆ ಕೂರುತ್ತಾರೆ. ಹತ್ತು ವರ್ಷದೊಳಗಿನವರಿಗೆ ಉಚಿತ ಎಂದು ಹಾಕಿದರೆ ನಾಲ್ವರ ಕುಟುಂಬಕ್ಕೂ ಹೊರೆಯಾಗದು. ಕೊಡಲಾರದವರಿಗೆ ಸದ್ದಿಲ್ಲದೆ ಪಾಸು ಕೊಡುವ ಪದ್ಧತಿಯೂ ಇರಲಿ.

ಒಂದು ಹಾಳೆ ಕಥೆ

ಟಿಕೆಟ್ಟಿಗಿಂತಲೂ ಅಗ್ಗವಾದ, ಆದರೆ ಅದಕ್ಕಿಂತ ಮುಖ್ಯವಾದ ಒಂದು ಕೆಲಸವಿದೆ. 1983ರಲ್ಲಿ ಕೆನಡಾದ ಟೊರಾಂಟೋದ ಅಪೆರಾ ಸಂಸ್ಥೆ ವೇದಿಕೆಯ ಮೇಲ್ಗಡೆ ಹಾಡಿನ ಅರ್ಥವನ್ನು ಅಕ್ಷರದಲ್ಲಿ ತೋರಿಸಿತು. ಆ ಪದ್ಧತಿ ಬಳಿಕ ಲೋಕವೆಲ್ಲ ಹಬ್ಬಿತು. ನಮ್ಮ ಸಂಘಗಳಿಗೆ ಅಷ್ಟೆಲ್ಲ ಬೇಡ. ಪ್ರಸಂಗದ ಕಥೆ, ಪಾತ್ರಗಳ ಹೆಸರು, ಯಾರ ವೇಷ ಹೇಗಿರುತ್ತದೆ ಎಂಬುದನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಬಾಗಿಲಲ್ಲಿ ಹಂಚಿದರೆ ಸಾಕು. ಆಟಕ್ಕೆ ಮೊದಲು ಐದು ನಿಮಿಷ ಒಬ್ಬರು ಸರಳವಾಗಿ ಕಥೆ ಹೇಳಿದರೆ ಇನ್ನೂ ಉತ್ತಮ. ಸನ್ಮಾನ, ಭಾಷಣಗಳಿಗೆ ತೆಗೆದುಕೊಳ್ಳುವ ಸಮಯದಲ್ಲಿ ಐದು ನಿಮಿಷ ಕಡಿಮೆ ಮಾಡಿದರೆ ಇದು ಸಾಧ್ಯ.

ಯಕ್ಷಗಾನದ ಮಾತಿನಲ್ಲಿ ಇಂಗ್ಲಿಷ್ ಬೆರೆಸದಿರುವುದು ಕಲಾವಿದರು ಪಾಲಿಸಿಕೊಂಡು ಬಂದ ನಿಯಮ. ಎರಡೂವರೆ ಗಂಟೆ ಕಲಬೆರಕೆಯಿಲ್ಲದ ಕನ್ನಡ ಕೇಳುವ ಅವಕಾಶ ನಮ್ಮ ಮಕ್ಕಳಿಗೆ ಬೇರೆಲ್ಲಿದೆ? ಎಲ್ಲವೂ ಅರ್ಥವಾಗಬೇಕಿಲ್ಲ. ಮನೆಗೆ ಬಂದ ಮೇಲೆ ‘ಎಲವೋ’ ಎಂದು ತಂಗಿಯನ್ನು ಕರೆದರೆ ಅದೇ ಲಾಭ.

ಯಾವಾಗ, ಎಲ್ಲಿ?

ಕರಾವಳಿಯ ಮೇಳಗಳ ತಿರುಗಾಟ ದೀಪಾವಳಿಯ ಆಸುಪಾಸಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ. ಆ ಬಳಿಕ ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಪರವೂರಿನ ಪ್ರವಾಸಕ್ಕೆ ಹೊರಡುತ್ತಾರೆ. ಸಂಘಗಳು ಆಟ ಆಡಿಸಬೇಕೆಂದಿದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ದಿನಗಳನ್ನು ನೋಡುವುದು ಅನುಕೂಲ. ಹೀಗೆ ಬರುವ ತಂಡಗಳು ಒಂದೇ ಪ್ರವಾಸದಲ್ಲಿ ಎರಡು ಮೂರು ಊರು ಮುಗಿಸುವುದುಂಟು. ಪಕ್ಕದ ಊರಿನ ಸಂಘದವರೊಂದಿಗೆ ಮೊದಲೇ ಮಾತಾಡಿ ದಿನ ಹೊಂದಿಸಿಕೊಂಡರೆ ಪ್ರಯಾಣದ ಖರ್ಚು ಹಂಚಿಹೋಗುತ್ತದೆ.

ಕುಟುಂಬಗಳಿಗೆ ಇನ್ನೊಂದು ದಾರಿ ಬೇಸಿಗೆ ರಜೆ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ಶಾಲೆಯಿಲ್ಲ, ಕರಾವಳಿಯಲ್ಲಿ ಮೇಳಗಳು ಇನ್ನೂ ತಿರುಗಾಟದಲ್ಲೇ ಇರುತ್ತವೆ. ಕಾಚಿಗುಡದಿಂದ ಕೊಯಮತ್ತೂರು, ಪಾಲಕ್ಕಾಡ್ ಬಳಸಿ ಮಂಗಳೂರಿನ ಕಡೆ ಹೋಗುವ ರೈಲಿದೆ. ಸುತ್ತು ದಾರಿಯಾದರೂ ಮನೆಮಂದಿಗೆ ಮಿತವ್ಯಯ. ಗದ್ದೆಯ ಬಯಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಅಥವಾ ಚಾಪೆ, ಪಕ್ಕದಲ್ಲಿ ಚರುಮುರಿ ಅಂಗಡಿ, ಮೇಲೆ ಆಕಾಶ. ಟಿಕೆಟ್ ಇಲ್ಲ. ನಿದ್ದೆ ಬಂದರೆ ಅಜ್ಜಿಯ ಮಡಿಲು. ಹರಕೆಯ ಆಟ ಎಲ್ಲಿದೆ, ಯಾವ ಪ್ರಸಂಗ ಎಂದು ಊರಿನ ನೆಂಟರನ್ನು ಕೇಳಿಕೊಂಡು ರಜೆಯ ದಿನ ಗೊತ್ತುಮಾಡಿದರೆ ಮೊದಲ ಆಟಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಸದಸ್ಯರ ಗಮನಕ್ಕೆ

* ಮೊದಲ ಸಲಕ್ಕೆ ಮಗುವಿಗೆ ಗೊತ್ತಿರುವ ಕಥೆಯ ಪ್ರಸಂಗ ಆರಿಸಿ. ಯುದ್ಧ, ಹಾಸ್ಯ ಇರಲಿ, ಮಾತು ಹೆಚ್ಚಿರುವುದು ಮುಂದಕ್ಕಿರಲಿ.

* ಎರಡೂವರೆ, ಮೂರು ಗಂಟೆಯ ಕಾಲಮಿತಿ ಆಟ ಸಾಕು. ಮಧ್ಯಾಹ್ನ ಮಗುವಿಗೆ ನಿದ್ದೆ ಮಾಡಿಸಿ ಕರೆತನ್ನಿ.

* ಕೊನೆಯವರೆಗೆ ಕೂರಲಾರದಿದ್ದರೆ ಚಿಂತಿಲ್ಲ. ಮಗು ಬೇಸರಗೊಳ್ಳುವ ಮುಂಚೆಯೇ ಎದ್ದು ಬನ್ನಿ, ಬೈದು ಕೂರಿಸಬೇಡಿ.

* ನಡುವಿನ ಸಾಲು ಆರಿಸಿ. ದುಬಾರಿ ಸೀಟಿಗೆ ಕೊಡುವ ಹಣದಲ್ಲಿ ಪಕ್ಕದ ಮನೆಯ ಮಗುವನ್ನೂ ಕರೆತನ್ನಿ.

* ಪಾಸು ಪಡೆದು ಬರಲಾಗದಿದ್ದರೆ ಹಿಂದಿನ ದಿನವೇ ಸಂಘಕ್ಕೆ ತಿಳಿಸಿ. ಬೇರೆಯವರಿಗೆ ಸಿಗುತ್ತದೆ.

ಮೇಲ್ಕೋಟೆ ಪಾರ್ಕಿನ ಹೆಸರು ಯಾರದೆಂದು ಮಗು ಒಂದು ದಿನ ಕೇಳಿದರೆ ಹೇಳಲು ನಮ್ಮಲ್ಲಿ ಉತ್ತರವಿದೆ. ರಂಗದ ಮೇಲೆ ಕಿರೀಟ ತೊಟ್ಟು ಕುಣಿಯುತ್ತಿರುವವನು ಯಾರೆಂದು ಕೇಳುವಂತಾಗಬೇಕಾದರೆ ಅದನ್ನು ಮೊದಲು ರಂಗದ ಮುಂದೆ ಕೂರಿಸಬೇಕು. ಈ ವರ್ಷ ಸಂಘದ ಕಾರ್ಯಕಾರಿ ಸಮಿತಿ ಕಾರ್ಯಕ್ರಮಗಳ ಪಟ್ಟಿ ಮಾಡುವಾಗ ಒಂದು ಸಂಜೆಯನ್ನು ಇಂಥ ಮೊದಲ ಆಟಕ್ಕೆಂದು ಮೀಸಲಿಟ್ಟರೆ ಸದಸ್ಯರ ಮಕ್ಕಳು ಮೊಮ್ಮಕ್ಕಳಿಗೆ ಉಪಕಾರವಾದೀತು.